ನೀರಲ್ಲಿ ನಿಂತು ಒಣಗುವ ಕಬ್ಬು

ಬೀಳಗಿ ತಾಲ್ಲೂಕಿನ ಎರಿ ಹೊಲಗಳಲ್ಲಿ ಕೆಲವು ಕಡೆ ಕಬ್ಬು ಸಾಯುವ ಬಗೆ ನೋಡಿದವರಿಗೆ ಒಗಟಾಗಿ ಕಾಣುತ್ತದೆ. ಬುಡದಲ್ಲಿ ನೀರಿದೆ, ಮಣ್ಣು ಕಾಲಿಗೆ ಮೆತ್ತುವಷ್ಟು ಹಸಿ ಇದೆ. ಆದರೂ ಎಲೆಗಳು ತುದಿಯಿಂದ ಸುಟ್ಟಂತಾಗಿ ಒಣಗುತ್ತ ಬರುತ್ತವೆ, ಗಣಿಕೆ ಮೋಟಾಗುತ್ತದೆ, ಕುಳೆ ಅಲ್ಲೊಂದು ಇಲ್ಲೊಂದು ಚಿಗುರಿ ನಡುವೆ ಬೋಳು ಉಳಿಯುತ್ತದೆ. ಬೇಸಿಗೆ ಬಂತೆಂದರೆ ಬೋದಿನ ನೆತ್ತಿಯ ಮೇಲೆ ಬಿಳಿ ಪುಡಿ ಏಳುತ್ತದೆ. "ಹೊಲ ಸವಳಾಗೇತ್ರಿ" ಎಂದು ರೈತರು ಹೇಳುವುದು ಇದಕ್ಕೆ. ನೀರು ಇಂಗದೆ ನಿಂತು ಎತ್ತಿನ ಕಾಲು ಹೂತುಹೋಗುವ ಹೊಲ ಜವಳು. ಬಹಳಷ್ಟು ಕಡೆ ಎರಡೂ ಕೂಡಿಯೇ ಬರುತ್ತವೆ. ಆಡುಮಾತಿನಲ್ಲೂ ಸರ್ಕಾರಿ ಕಾಗದದಲ್ಲೂ ‘ಸವಳು-ಜವಳು’ ಎಂದು ಜೋಡಿಯಾಗಿಯೇ ನಿಲ್ಲುತ್ತವೆ. ಈ ಜೋಡಿ ಬೆಳೆಯನ್ನು ಇಷ್ಟು ಬೇಗ ಕೊಲ್ಲುವುದೇಕೆ ಎಂಬುದಕ್ಕೆ ಉತ್ತರ ಬೇರಿನ ಜೀವಕೋಶದ ಪೊರೆಯಲ್ಲಿದೆ. ಈ ಅಧ್ಯಾಯ ಆ ಪೊರೆಯ ಕುರಿತು.

ಅದಕ್ಕೆ ಮೊದಲು ನೀರಿನ ಮಾತು. ಈ ಸೀಮೆ ನೀರಿಗಾಗಿ ಪಟ್ಟ ಪಾಡು ಸಣ್ಣದಲ್ಲ. ವರ್ಷಕ್ಕೆ 600 ಮಿಲಿಮೀಟರ್ ಮುಟ್ಟದ ಮಳೆ, ಅದೂ ನಂಬುವಂಥದ್ದಲ್ಲ. ಬಿಳಿಜೋಳ, ಹತ್ತಿ, ಗೋಧಿ, ಕಡಲೆ ಇವೇ ಬಹುಕಾಲದ ಬೆಳೆಗಳು. ಕೃಷ್ಣೆ ಕಣ್ಣೆದುರೇ ಹರಿದು ಹೋಗುತ್ತಿದ್ದರೂ ಹೊಲಕ್ಕೆ ಏರುತ್ತಿರಲಿಲ್ಲ. 1989ರಲ್ಲಿ ಜಮಖಂಡಿ ಬಳಿಯ ಚಿಕ್ಕಪಡಸಲಗಿಯಲ್ಲಿ ರೈತರು ತಾವೇ ಹಣ ಕೂಡಿಸಿ, ತಾವೇ ದುಡಿದು ನದಿಗೆ ಅಡ್ಡಲಾಗಿ ಬ್ಯಾರೇಜು ಕಟ್ಟಿದರು. ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ ಎದ್ದ ಆ ಕಟ್ಟೆಗೆ ಶ್ರಮಬಿಂದು ಸಾಗರ ಎಂಬ ಹೆಸರು ಸುಮ್ಮನೆ ಬಂದದ್ದಲ್ಲ. ಹಿಡಕಲ್ ಜಲಾಶಯದ ನೀರು ಘಟಪ್ರಭಾ ಕಾಲುವೆಯಲ್ಲಿ ಮುಧೋಳ, ಜಮಖಂಡಿ, ಬೀಳಗಿ ಕಡೆಗೆ ಬಂತು. ಆಲಮಟ್ಟಿ ಅಣೆಕಟ್ಟೆಯ ನೀರಿನ ಮಟ್ಟ 519.60 ಮೀಟರ್‌ಗೆ ಏರಿದಾಗ ಹಿನ್ನೀರು ಕೃಷ್ಣೆ, ಘಟಪ್ರಭೆ ಎರಡರ ಪಾತ್ರಗಳಲ್ಲೂ ಹಿಂದಕ್ಕೆ ಒತ್ತಿ ಬೀಳಗಿ ತಾಲ್ಲೂಕಿನ ಹೊಲಗಳ ಅಂಚಿಗೆ ನಿಂತಿತು. ಸಕ್ಕರೆ ಕಾರ್ಖಾನೆಗಳು ಒಂದರ ಹಿಂದೊಂದು ತಲೆ ಎತ್ತಿದವು. ಜೋಳದ ಹೊಲ ಕಬ್ಬಿನ ಹೊಲವಾಯಿತು. ಅಷ್ಟು ತಲೆಮಾರು ಬಾಯಾರಿದ ನೆಲಕ್ಕೆ ನೀರು ಬಂದಾಗ ರೈತ ಕೈಬಿಚ್ಚಿ ನೀರು ಹಾಯಿಸಿದ್ದರಲ್ಲಿ ತಪ್ಪು ಹುಡುಕುವುದು ನ್ಯಾಯವಲ್ಲ. ಆದರೆ ಹೊಲಕ್ಕೆ ಬಂದ ನೀರು ಬೇರಿನ ಒಳಕ್ಕೆ ಹೋದಂತೆ ಆಗುವುದಿಲ್ಲ. ನಡುವೆ ಒಂದು ಪೊರೆ ಇದೆ.

ಆ ಪೊರೆಯ ದಪ್ಪ ಸುಮಾರು 7 ನ್ಯಾನೊಮೀಟರ್. ಒಂದು ಮಿಲಿಮೀಟರ್ ದಪ್ಪ ಬರಬೇಕಾದರೆ ಇಂಥ ಒಂದೂಕಾಲು ಲಕ್ಷಕ್ಕೂ ಹೆಚ್ಚು ಪೊರೆಗಳನ್ನು ಒಂದರ ಮೇಲೊಂದು ಒಟ್ಟಬೇಕು. ಅದು ಜಿಡ್ಡಿನ ಪೊರೆ ಎಂಬ ಮೊದಲ ಸುಳಿವು ಕೊಟ್ಟವನು ಜ್ಯೂರಿಕ್‌ನಲ್ಲಿ ಕೆಲಸ ಮಾಡುತ್ತಿದ್ದ ಅರ್ನೆಸ್ಟ್ ಓವರ್ಟನ್. 1890ರ ದಶಕದಲ್ಲಿ ಅವನು ನೂರಾರು ರಾಸಾಯನಿಕಗಳನ್ನು ಒಂದೊಂದಾಗಿ ಜೀವಕೋಶಗಳಿಗೆ ಒಡ್ಡಿ ನೋಡಿದ. ಎಣ್ಣೆಯಲ್ಲಿ ಚೆನ್ನಾಗಿ ಕರಗುವ ವಸ್ತುಗಳು ಸಲೀಸಾಗಿ ಒಳ ಹೊಕ್ಕವು, ನೀರಲ್ಲಷ್ಟೇ ಕರಗುವ ಸಕ್ಕರೆ ಮತ್ತು ಲವಣಗಳು ಹೊರಗೇ ನಿಂತವು. 1925ರಲ್ಲಿ ಡಚ್ ವಿಜ್ಞಾನಿಗಳಾದ ಗಾರ್ಟರ್ ಮತ್ತು ಗ್ರೆಂಡೆಲ್ ಕೆಂಪು ರಕ್ತಕಣಗಳ ಜಿಡ್ಡನ್ನು ತೆಗೆದು ನೀರಿನ ಮೇಲೆ ಒಂದೇ ಅಣುವಿನ ದಪ್ಪಕ್ಕೆ ಹರಡಿದರು. ಅದು ರಕ್ತಕಣಗಳ ಮೇಲ್ಮೈಗಿಂತ ಎರಡು ಪಟ್ಟು ಜಾಗ ಹಿಡಿಯಿತು. ಎಂದರೆ ಪೊರೆಯಲ್ಲಿ ಜಿಡ್ಡು ಎರಡು ಪದರಗಳಲ್ಲಿದೆ: ನೀರನ್ನು ಒಲ್ಲದ ಬಾಲಗಳು ಒಳಮುಖವಾಗಿ, ನೀರಿಗೆ ಒಗ್ಗುವ ತಲೆಗಳು ಎರಡೂ ಹೊರಮೈಗಳಲ್ಲಿ. ಈ ಜಿಡ್ಡಿನ ಪದರದಲ್ಲಿ ಪ್ರೋಟೀನುಗಳು ನೆಟ್ಟಿರುತ್ತವೆ, ಅಲ್ಲೇ ತೇಲಾಡುತ್ತವೆ. 1972ರಲ್ಲಿ ಸಿಂಗರ್ ಮತ್ತು ನಿಕಲ್ಸನ್ ಕೊಟ್ಟ ಈ ಚಿತ್ರವೇ ಇವತ್ತಿಗೂ ಪಠ್ಯಪುಸ್ತಕಗಳಲ್ಲಿದೆ.

ನೀರು ಈ ಪೊರೆ ದಾಟುವ ನಿಯಮ ನಮ್ಮ ಅಡುಗೆಮನೆಯಲ್ಲೇ ಸಿಗುತ್ತದೆ. ಉಪ್ಪಿನಕಾಯಿಗೆ ಹೆಚ್ಚಿದ ಮಾವಿನ ಹೋಳಿಗೆ ಉಪ್ಪು ಕಲಸಿಟ್ಟರೆ ಮರುದಿನ ಭರಣಿಯಲ್ಲಿ ನೀರು ನಿಂತಿರುತ್ತದೆ. ನಾವು ಒಂದು ಹನಿ ಹಾಕಿಲ್ಲ. ಹೊರಗೆ ಉಪ್ಪಿನ ಸಾಂದ್ರತೆ ಹೆಚ್ಚಾದ್ದರಿಂದ ಹೋಳಿನ ಜೀವಕೋಶಗಳೊಳಗಿನ ನೀರು ಪೊರೆ ದಾಟಿ ಹೊರಬಂದಿದೆ. ಇದು ಅಭಿಸರಣ. ಕರಗಿದ ವಸ್ತು ಹೆಚ್ಚಿರುವ ಕಡೆಗೆ ನೀರು ಹರಿಯುತ್ತದೆ. ಬೇರು ಮಣ್ಣಿನಿಂದ ನೀರು ಪಡೆಯುವುದೂ ಇದೇ ನಿಯಮದಿಂದ: ಬೇರಿನ ಕೋಶರಸದಲ್ಲಿ ಲವಣ, ಸಕ್ಕರೆ, ಆಮ್ಲಗಳು ಮಣ್ಣಿನ ನೀರಿಗಿಂತ ಹೆಚ್ಚಿರುತ್ತವೆ, ಮೇಲಿನಿಂದ ಎಲೆಗಳ ಬಾಷ್ಪೀಭವನದ ಎಳೆತವೂ ಇರುತ್ತದೆ. ಮಣ್ಣಿನ ನೀರೇ ಉಪ್ಪಾದರೆ ಆ ಇಳಿಜಾರು ಕುಗ್ಗುತ್ತದೆ.

ಜಿಡ್ಡಿನ ಪೊರೆಯಲ್ಲಿ ನೀರು ಅಷ್ಟು ಸಲೀಸಾಗಿ ಹೇಗೆ ದಾಟುತ್ತದೆ ಎಂಬ ಪ್ರಶ್ನೆ ಬಹುಕಾಲ ಬಗೆಹರಿದಿರಲಿಲ್ಲ. ಅಮೆರಿಕದ ಪೀಟರ್ ಆಗ್ರೆ ರಕ್ತದ ಬೇರೆ ಪ್ರೋಟೀನೊಂದನ್ನು ಹುಡುಕುತ್ತಿದ್ದಾಗ, ಕೆಂಪು ರಕ್ತಕಣಗಳಲ್ಲಿ ಹೇರಳವಾಗಿದ್ದ ಆದರೆ ಕೆಲಸ ಏನೆಂದು ಯಾರಿಗೂ ತಿಳಿಯದಿದ್ದ ಒಂದು ಪ್ರೋಟೀನು ಅವರ ಕಣ್ಣಿಗೆ ಬಿತ್ತು. ಅದನ್ನು ತಯಾರಿಸುವ ಸಂದೇಶವನ್ನು ಕಪ್ಪೆಯ ಮೊಟ್ಟೆಯೊಳಗೆ ಸೇರಿಸಿದರು. ಕಪ್ಪೆ ಮೊಟ್ಟೆ ಕೊಳದ ಸಿಹಿನೀರಿನಲ್ಲಿ ಏನೂ ಆಗದೆ ಇರುವಂಥದ್ದು. ಈ ಮೊಟ್ಟೆಗಳು ತಿಳಿನೀರಿಗೆ ಬಿದ್ದ ಕೆಲವೇ ನಿಮಿಷಗಳಲ್ಲಿ ಉಬ್ಬಿ ಒಡೆದವು. 1992ರಲ್ಲಿ ಪ್ರಕಟವಾದ ಈ ಪ್ರಯೋಗ ನನಗೆ ಜೀವವಿಜ್ಞಾನದ ಅತ್ಯಂತ ಸ್ವಚ್ಛ ಪ್ರಯೋಗಗಳಲ್ಲಿ ಒಂದು: ಉಪಕರಣದ ಆಡಂಬರವಿಲ್ಲ, ಉತ್ತರದಲ್ಲಿ ಸಂದೇಹವಿಲ್ಲ. ಆ ಪ್ರೋಟೀನಿಗೆ ಅಕ್ವಪೋರಿನ್ ಎಂದು ಹೆಸರಾಯಿತು. ನೀರಿನ ಅಣುಗಳು ಒಂದರ ಹಿಂದೊಂದು ಸಾಲುಗಟ್ಟಿ ಹೋಗುವಷ್ಟೇ ಅಗಲದ ನಾಲೆ ಅದು. ಸೆಕೆಂಡಿಗೆ ಸುಮಾರು 300 ಕೋಟಿ ಅಣುಗಳು ಅದರಲ್ಲಿ ದಾಟುತ್ತವೆ, ಆದರೆ ಲವಣದ ಅಯಾನುಗಳು ದಾಟಲಾರವು. ಆಗ್ರೆಯವರಿಗೆ 2003ರ ರಸಾಯನ ವಿಜ್ಞಾನದ ನೊಬೆಲ್ ಬಂತು. ಸಸ್ಯಗಳಲ್ಲಿ ಈ ನಾಲೆಗಳು ಪ್ರಾಣಿಗಳಲ್ಲಿರುವುದಕ್ಕಿಂತ ಹೆಚ್ಚು ಬಗೆಯವು. ನೀರು ನಿಂತು ಉಸಿರು ಕಟ್ಟಿದಾಗ ಬೇರು ತನ್ನ ಅಕ್ವಪೋರಿನ್‌ಗಳನ್ನು ಮುಚ್ಚಿಕೊಳ್ಳುತ್ತದೆ ಎಂಬುದನ್ನು ಇಲ್ಲೇ ನೆನಪಿಟ್ಟುಕೊಳ್ಳಿ. ಜವಳು ಹೊಲದಲ್ಲಿ ಗಿಡ ಬಾಡುವುದಕ್ಕೆ ಅದೂ ಒಂದು ಕಾರಣ.

ಅಕ್ವಪೋರಿನ್ ದಾರಿ ಕೊಡುತ್ತದೆ, ಎಳೆಯುವುದಿಲ್ಲ. ನೀರನ್ನೇ ನೇರವಾಗಿ ತಳ್ಳುವ ಪಂಪು ಯಾವ ಜೀವಕೋಶದಲ್ಲೂ ಕಂಡುಬಂದಿಲ್ಲ. ಹೊಲಕ್ಕೆ ಐದು ಎಚ್‌ಪಿ ಪಂಪಿನ ಬದಲು ಹತ್ತು ಎಚ್‌ಪಿ ಕೂರಿಸಬಹುದು, ಬೇರಿಗೆ ಹಾಗೆ ಮಾಡಲು ಬರುವುದಿಲ್ಲ. ಜೀವಕೋಶ ಪಂಪು ಮಾಡುವುದು ಕರಗಿದ ವಸ್ತುಗಳನ್ನು. ನೀರು ಅವುಗಳ ಹಿಂದೆ ಹೋಗುತ್ತದೆ.

ಈಗ ಉಪ್ಪಿನ ಲೆಕ್ಕಕ್ಕೆ ಬರೋಣ. ಮಣ್ಣಿನಲ್ಲಿ ಕರಗಿದ ಲವಣವನ್ನು ವಿದ್ಯುತ್ ವಾಹಕತೆಯಿಂದ ಅಳೆಯುತ್ತಾರೆ, ಅದರ ಮಾನ ಡೆಸಿಸೀಮನ್ಸ್ ಪ್ರತಿ ಮೀಟರ್‌ಗೆ. ಮಣ್ಣನ್ನು ನೀರಿನಿಂದ ಪೂರ್ತಿ ನೆನೆಸಿ ಹಿಂಡಿದ ರಸದಲ್ಲಿ ಈ ಅಂಕಿ 4 ದಾಟಿದರೆ ಅದು ಸವಳು ಮಣ್ಣು. 4 ಎಂದರೆ ಲೀಟರಿಗೆ ಸುಮಾರು 2.3 ಗ್ರಾಂ ಅಡುಗೆ ಉಪ್ಪು ಕರಗಿದ ನೀರಿಗೆ ಸಮ. ಅದರ ಅಭಿಸರಣ ಒತ್ತಡ ಸುಮಾರು ಎರಡು ವಾಯುಭಾರ. ನೀರನ್ನು 20 ಮೀಟರ್ ಮೇಲೆತ್ತಲು ಬೇಕಾದಷ್ಟು. ಕಬ್ಬು ಇಷ್ಟಕ್ಕೇ ಸೋಲುವುದಿಲ್ಲ. ಕೋಶರಸದಲ್ಲಿ ತಾನೂ ಹೆಚ್ಚು ವಸ್ತುಗಳನ್ನು ಕೂಡಿಸಿಕೊಂಡು ನೀರನ್ನು ಎಳೆದುಕೊಳ್ಳುತ್ತದೆ, ಆದರೆ ಆ ಖರ್ಚು ಬೆಳವಣಿಗೆಯಿಂದ ಕಳೆಯುತ್ತದೆ. ಹೊಲ ಒಣಗುತ್ತ ಬಂದಂತೆ ಅಷ್ಟೇ ಉಪ್ಪು ಕಡಿಮೆ ನೀರಿನಲ್ಲಿ ಉಳಿದು ಒತ್ತಡ ಇಮ್ಮಡಿಯಾಗುತ್ತದೆ. ಕಬ್ಬಿಗೆ ತಾಳಿಕೆಯ ಗಡಿ 1.7. ಅದರ ಮೇಲೆ ಒಂದೊಂದು ಅಂಕಕ್ಕೂ ಇಳುವರಿ ಶೇಕಡಾ 6ರಷ್ಟು ಇಳಿಯುತ್ತ ಹೋಗುತ್ತದೆ, 10ರ ಹತ್ತಿರ ಅರ್ಧಕ್ಕೆ ಬರುತ್ತದೆ. ಇದೇ ಅಳತೆಯಲ್ಲಿ ಹತ್ತಿಯ ಗಡಿ 7.7, ಜೋಳದ್ದು 6.8, ಗೋಧಿಯದು 6. ಈ ಸೀಮೆಯ ಹಳೆಯ ಬೆಳೆಗಳು ತಾಳುವ ಉಪ್ಪನ್ನು ಹೊಸ ಬೆಳೆ ತಾಳದು. ಉಪ್ಪನ್ನು ಹೊತ್ತು ತರುವಷ್ಟು ನೀರು ಬೇಡುವ ಬೆಳೆಯೂ ಇದೇ ಎಂಬುದು ಸಂಕಟದ ಸಂಗತಿ.

ಹೊತ್ತು ತರುವುದು ಎಂದೆ. ನದಿಯ ನೀರು ನಾಲಿಗೆಗೆ ಸಿಹಿ, ಆದರೂ ಅದರಲ್ಲಿ ಕರಗಿದ ಲವಣ ಇದ್ದೇ ಇರುತ್ತದೆ. ಲೀಟರಿಗೆ 300 ಮಿಲಿಗ್ರಾಂ ಎಂದು ಇಟ್ಟುಕೊಳ್ಳೋಣ, ಕುಡಿಯಲು ಒಳ್ಳೆಯ ನೀರೇ. ವರ್ಷಕ್ಕೆ 1500 ಮಿಲಿಮೀಟರ್‌ನಷ್ಟು ಹಾಯಿಸಿದರೆ ಒಂದು ಎಕರೆಗೆ ಸುಮಾರು 60 ಲಕ್ಷ ಲೀಟರ್ ನೀರಾಯಿತು, ಅದರ ಜೊತೆ 1.8 ಟನ್ ಲವಣ ಬಂತು. ನೀರು ಎಲೆಗಳಿಂದ ಆವಿಯಾಗಿ ಹೋಗುತ್ತದೆ. ಲವಣ ಎಲ್ಲಿ ಹೋಗುತ್ತದೆ?

ಬೇರು ಅದನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಎಳೆಬೇರಿನ ಹೊರಪದರಗಳಲ್ಲಿ ನೀರು ಜೀವಕೋಶಗಳ ಗೋಡೆಗಳ ಸಂದಿಯಲ್ಲೇ ಪೊರೆಯನ್ನು ತಪ್ಪಿಸಿ ನುಸುಳಬಹುದು. ಒಳಗೆ ಅಂತಃಚರ್ಮ ಎಂಬ ಒಂದು ಸುತ್ತು ಕೋಶಗಳಿವೆ. ಅವುಗಳ ಗೋಡೆಗೆ ನೀರು ತೂರದ ಒಂದು ಪಟ್ಟಿ ಬಿಗಿದಿರುತ್ತದೆ. 1865ರಲ್ಲಿ ಅದನ್ನು ವಿವರಿಸಿದ ಜರ್ಮನಿಯ ರಾಬರ್ಟ್ ಕ್ಯಾಸ್ಪರಿಯ ಹೆಸರಿನಲ್ಲಿ ಅದು ಕ್ಯಾಸ್ಪೇರಿಯನ್ ಪಟ್ಟಿ. ಅಲ್ಲಿಂದ ಮುಂದೆ ಹೋಗಬೇಕಾದರೆ ಪೊರೆಯನ್ನು ದಾಟಲೇಬೇಕು. ಗಿಡಗಳು ತಾವು ಮೈಯಲ್ಲಿ ಉಳಿಸಿಕೊಳ್ಳುವುದರ ಸುಮಾರು 50 ಪಟ್ಟು ನೀರನ್ನು ಆವಿಯಾಗಿ ಬಿಡುತ್ತವೆ, ಹಾಗಾಗಿ ಮಣ್ಣಿನ ನೀರಿನಲ್ಲಿರುವ ಉಪ್ಪಿನ ಶೇಕಡಾ 98ರಷ್ಟನ್ನು ಬೇರಿನ ಹೊರಗೇ ತಡೆಯದಿದ್ದರೆ ಎಲೆಗಳಲ್ಲಿ ಅದು ಪೇರಿ ಗಿಡ ಸಾಯುತ್ತದೆ. ಬಹುತೇಕ ಗಿಡಗಳು ಅಷ್ಟನ್ನೂ ತಡೆಯುತ್ತವೆ. ಬೋದಿನ ಮೇಲೆ ಬೆಳ್ಳಗೆ ಕಾಣುವ ಪುಡಿಯಲ್ಲಿ ದೊಡ್ಡ ಪಾಲು ಹೀಗೆ ವರ್ಷಾನುಗಟ್ಟಲೆ ಬೇರಿನ ಪೊರೆಗಳು ಒಲ್ಲೆ ಎಂದು ಬಿಟ್ಟ ಉಪ್ಪು. ಕೆಳಗಿನ ಅಂತರ್ಜಲ ಮೇಲೆ ಬಂದಿದ್ದರೆ ಎರಿ ಮಣ್ಣಿನ ಸಣ್ಣ ರಂಧ್ರಗಳಲ್ಲಿ ಅದು ಮತ್ತೂ ಮೇಲೇರಿ, ನೆಲದ ಮೇಲೆ ಆವಿಯಾಗಿ, ತಳದ ಉಪ್ಪನ್ನೂ ತಂದು ಸೇರಿಸುತ್ತದೆ.

ಶೇಕಡಾ 98 ಎಂಬ ಆ ತಡೆ ಪುಕ್ಕಟೆ ನಡೆಯುವುದಿಲ್ಲ. ಇಲ್ಲಿಂದ ಮುಂದಿನದು ಪೊರೆಯ ನಿಜವಾದ ದುಡಿಮೆ.

ಜೀವಕೋಶಕ್ಕೆ ಪೊಟ್ಯಾಸಿಯಂ ಬೇಕು, ಸೋಡಿಯಂ ಬೇಡ. ಎರಡೂ ಧನ ಆವೇಶದ ಅಯಾನುಗಳು, ಗುಣದಲ್ಲಿ ಅಕ್ಕಪಕ್ಕದವು. ಸೋಡಿಯಂ ಇನ್ನೂ ಚಿಕ್ಕದು. ಚಿಕ್ಕದನ್ನು ಹೊರಗಿಟ್ಟು ದೊಡ್ಡದನ್ನು ಒಳಗೆ ಬಿಡುವ ರಂಧ್ರ ಹೇಗಿರಬಹುದು? 1998ರಲ್ಲಿ ರೊಡೆರಿಕ್ ಮ್ಯಾಕಿನನ್ ಪೊಟ್ಯಾಸಿಯಂ ನಾಲೆಯ ಅಣುರಚನೆಯನ್ನು ಬಿಡಿಸಿ ತೋರಿಸಿದಾಗ ಉತ್ತರ ಸಿಕ್ಕಿತು. ಅಯಾನುಗಳು ನೀರಿನಲ್ಲಿ ಸುತ್ತ ನೀರಿನ ಅಣುಗಳನ್ನು ಅಂಟಿಸಿಕೊಂಡಿರುತ್ತವೆ. ನಾಲೆಗೆ ಹೊಗಬೇಕಾದರೆ ಅವನ್ನು ಬಿಡಬೇಕು. ನಾಲೆಯ ಇಕ್ಕಟ್ಟಿನ ಭಾಗದಲ್ಲಿ ಆಮ್ಲಜನಕದ ಪರಮಾಣುಗಳು ಸುತ್ತ ನಿಂತು ಪೊಟ್ಯಾಸಿಯಮ್ಮನ್ನು ನೀರಿನಷ್ಟೇ ಹಿತವಾಗಿ ಹಿಡಿಯುತ್ತವೆ. ಚಿಕ್ಕದಾದ ಸೋಡಿಯಂ ಅವಕ್ಕೆ ಸರಿಯಾಗಿ ತಾಗುವುದಿಲ್ಲ, ನೀರನ್ನು ಬಿಟ್ಟು ಒಳಬರುವುದು ಅದಕ್ಕೆ ನಷ್ಟ. ಆಗ್ರೆಯವರ ಜೊತೆ 2003ರ ನೊಬೆಲ್ ಹಂಚಿಕೊಂಡವರು ಇವರೇ.

ಬೇರಿನಲ್ಲಿ ಇಷ್ಟು ಕಟ್ಟುನಿಟ್ಟಿಲ್ಲದ ಬೇರೆ ನಾಲೆಗಳೂ ಇವೆ. ಮಣ್ಣಿನಲ್ಲಿ ಸೋಡಿಯಂ ತುಂಬಿದ್ದರೆ ಅವುಗಳ ಮೂಲಕ ಅದು ಸೋರುತ್ತದೆ. ಬೇರಿನ ಜೀವಕೋಶದ ಒಳಗು ಹೊರಗಿಗಿಂತ 120 ಮಿಲಿವೋಲ್ಟಿಗೂ ಹೆಚ್ಚು ಋಣವಾಗಿರುವುದರಿಂದ ಧನ ಅಯಾನುಗಳನ್ನು ಒಳಕ್ಕೆ ಎಳೆಯುತ್ತಲೇ ಇರುತ್ತದೆ. ಹೀಗೆ ಬಂದದ್ದನ್ನು ಹೊರಹಾಕಲು ಎರಡು ಹಂತದ ಏರ್ಪಾಟಿದೆ. ಮೊದಲನೆಯದು ಪ್ರೋಟಾನು ಪಂಪು: ಎಟಿಪಿ ಎಂಬ ಶಕ್ತಿಯ ಅಣುವನ್ನು ಮುರಿದು ಹೈಡ್ರೋಜನ್ ಅಯಾನುಗಳನ್ನು ಹೊರಕ್ಕೆ ತಳ್ಳುತ್ತದೆ. ಹೊರಗೆ ಕೂಡಿದ ಪ್ರೋಟಾನುಗಳು ಮತ್ತೆ ಒಳಗೆ ಬರಲು ಹವಣಿಸುತ್ತವೆ. ಆಗ ಎಸ್‌ಒಎಸ್1 ಎಂಬ ಎರಡನೆಯ ಪ್ರೋಟೀನು ಒಂದು ಪ್ರೋಟಾನನ್ನು ಒಳಬಿಟ್ಟು ಅದರ ಬಲದಿಂದ ಒಂದು ಸೋಡಿಯಮ್ಮನ್ನು ಹೊರಹಾಕುತ್ತದೆ. ಇನ್ನೊಂದು ಪ್ರೋಟೀನು ಉಳಿದ ಸೋಡಿಯಮ್ಮನ್ನು ಕೋಶದೊಳಗಿನ ರಸದಾನಿಗೆ ತುಂಬಿಡುತ್ತದೆ, ಮತ್ತೊಂದು ಬೇರಿನಿಂದ ಎಲೆಗೆ ನೀರು ಒಯ್ಯುವ ಕ್ಸೈಲಂ ನಾಳದ ರಸದಿಂದ ಅದನ್ನು ವಾಪಸು ಎಳೆದು ಎಲೆಗೆ ಹೋಗದಂತೆ ನೋಡಿಕೊಳ್ಳುತ್ತದೆ. ನಮ್ಮ ದೇಹದಲ್ಲಿ ಪಂಪೇ ಬೇರೆ. ಎಟಿಪಿ ಖರ್ಚು ಮಾಡಿ ಮೂರು ಸೋಡಿಯಂ ಹೊರಗೆ, ಎರಡು ಪೊಟ್ಯಾಸಿಯಂ ಒಳಗೆ ಹಾಕುವ ಆ ಪಂಪನ್ನು ಡೆನ್ಮಾರ್ಕಿನ ಜೆನ್ಸ್ ಸ್ಕೌ 1957ರಲ್ಲಿ ಏಡಿಯ ನರದಲ್ಲಿ ಕಂಡುಹಿಡಿದರು. ನೊಬೆಲ್ ಬರಲು 1997ರವರೆಗೆ ಕಾಯಬೇಕಾಯಿತು.

ಪ್ರೋಟಾನಿನ ಈ ಬಂಡವಾಳದಿಂದಲೇ ಗಿಡ ಸಕ್ಕರೆಯನ್ನೂ ಸಾಗಿಸುತ್ತದೆ. ಎಲೆಯಲ್ಲಿ ತಯಾರಾದ ಸಕ್ಕರೆ ಪೊರೆ ದಾಟುವ ಕಡೆಗಳಲ್ಲಿ ಪ್ರೋಟಾನಿನ ಜೊತೆ ಹೋಗುತ್ತದೆ. ಇದನ್ನು ಮಾಡುವ ಪ್ರೋಟೀನನ್ನು ಮೊದಲು 1992ರಲ್ಲಿ ಪಾಲಕ್ ಸೊಪ್ಪಿನಿಂದ ಗುರುತಿಸಿದರು. ಉಪ್ಪು ಹೊರಹಾಕಲು ಖರ್ಚಾದ ಶಕ್ತಿ ಬೆಳೆಯಲು, ಸಕ್ಕರೆ ಕೂಡಿಸಲು ಉಳಿಯದು. ತಡೆ ಸೋತಾಗ ಸೋಡಿಯಂ ಮತ್ತು ಕ್ಲೋರೈಡು ಗಣಿಕೆಯ ರಸಕ್ಕೇ ಬರುತ್ತವೆ. ಸವಳು ಹೊಲದ ಕಬ್ಬಿನ ಬೆಲ್ಲ ಉಪ್ಪುಪ್ಪಾಗುವುದು, ಗಟ್ಟಿ ನಿಲ್ಲದೆ ಹಸಿ ಹಿಡಿಯುವುದು ಅದರಿಂದ. ಮಹಾಲಿಂಗಪುರದಂಥ ಬೆಲ್ಲದ ಪೇಟೆಯಲ್ಲಿ ನಾಲಿಗೆ ಅದನ್ನು ಕೂಡಲೇ ಹಿಡಿಯುತ್ತದೆ.

ಸಕ್ಕರೆ ಮತ್ತು ಅಯಾನು ಜೊತೆಯಾಗಿ ಪೊರೆ ದಾಟುವ ಈ ಉಪಾಯ ಮನುಷ್ಯರ ಕೋಟ್ಯಂತರ ಮಕ್ಕಳನ್ನು ಬದುಕಿಸಿದೆ, ಅದನ್ನು ಹೇಳದೆ ಮುಂದೆ ಹೋಗಲಾರೆ. ಸವಳು ಎಂದು ನಾವು ಕರೆಯುವ ಮಣ್ಣಿನ ನೀರಿನಲ್ಲಿ ಲೀಟರಿಗೆ 2.3 ಗ್ರಾಂ ಉಪ್ಪಿನ ಪ್ರಭಾವ ಇದೆ ಎಂದೆನಲ್ಲ; ವಾಂತಿಭೇದಿಯಾದ ಮಗುವಿಗೆ ಕುಡಿಸುವ ಓಆರ್‌ಎಸ್‌ನಲ್ಲಿ ಲೀಟರಿಗೆ 2.6 ಗ್ರಾಂ ಉಪ್ಪಿರುತ್ತದೆ. ಹೆಚ್ಚುಕಡಿಮೆ ಅಷ್ಟೇ ಉಪ್ಪು. ಆದರೆ ಅದರ ಜೊತೆ 13.5 ಗ್ರಾಂ ಗ್ಲೂಕೋಸ್ ಇದೆ. ಕರುಳಿನ ಪೊರೆಯಲ್ಲಿ ಸೋಡಿಯಂ ಮತ್ತು ಗ್ಲೂಕೋಸ್ ಕೂಡಿಯೇ ಒಳಬರುವ ಏರ್ಪಾಟು ಇದೆ ಎಂದು ರಾಬರ್ಟ್ ಕ್ರೇನ್ 1960ರಲ್ಲಿ ಪ್ರಾಗ್‌ನ ಒಂದು ಸಭೆಯಲ್ಲಿ ಸೂಚಿಸಿದರು. ಕಾಲರಾ ವಿಷ ಕರುಳಿನಲ್ಲಿ ಕ್ಲೋರೈಡ್ ನಾಲೆಗಳನ್ನು ತೆರೆದು ನೀರನ್ನು ಹೊರಹರಿಸುತ್ತದೆ, ಆದರೆ ಈ ಏರ್ಪಾಟನ್ನು ಕೆಡಿಸುವುದಿಲ್ಲ. 1971ರಲ್ಲಿ ಪಶ್ಚಿಮ ಬಂಗಾಳದ ಬನಗಾಂವ್‌ನಲ್ಲಿ, ಬಾಂಗ್ಲಾ ನಿರಾಶ್ರಿತರ ನಡುವೆ ಕಾಲರಾ ಹಬ್ಬಿ ಸಲೈನ್ ಬಾಟಲಿಗಳು ಮುಗಿದುಹೋದಾಗ, ಡಾ. ದಿಲೀಪ್ ಮಹಲನಬೀಸ್ ಡ್ರಮ್ಮುಗಳಲ್ಲಿ ಗ್ಲೂಕೋಸ್, ಉಪ್ಪು, ಅಡುಗೆ ಸೋಡಾ ಕಲಸಿ ಬಾಯಿಂದಲೇ ಕುಡಿಸಿದರು. ಕುಡಿಸಿದವರು ಬಹುಪಾಲು ಮನೆಯವರೇ. ಶೇಕಡಾ 30ರ ಹತ್ತಿರವಿದ್ದ ಸಾವು ಶೇಕಡಾ 4ಕ್ಕಿಂತ ಕೆಳಗೆ ಬಂತು. ಅವರು 2022ರಲ್ಲಿ ತೀರಿಕೊಂಡ ಮೇಲೆ, 2023ರಲ್ಲಿ ಪದ್ಮವಿಭೂಷಣ ಘೋಷಣೆಯಾಯಿತು. ಪ್ಯಾಕೆಟ್ಟು ಸಿಗದ ಹೊತ್ತಿನಲ್ಲಿ ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಚಹಾ ಚಮಚದಲ್ಲಿ ತಲೆಸಮನಾಗಿ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಇದು ಪ್ರತಿ ಮನೆಯಲ್ಲಿ ಬಾಯಿಪಾಠವಾಗಿರಬೇಕು.

ಉಪ್ಪಿನಲ್ಲಿ ದೋಷವಿಲ್ಲ. ಅದನ್ನು ನಿಭಾಯಿಸಲು ಪೊರೆಗೆ ಶಕ್ತಿ ಇದೆಯೇ ಎಂಬುದೇ ಪ್ರಶ್ನೆ, ಮತ್ತು ಈ ಪ್ರಶ್ನೆ ನಮ್ಮನ್ನು ಜವಳಿಗೆ ತರುತ್ತದೆ.

ಎಟಿಪಿ ಬರುವುದು ಉಸಿರಾಟದಿಂದ. ಬೇರೂ ಉಸಿರಾಡುತ್ತದೆ. ಮಣ್ಣಿನ ಸಂದಿಗಳಲ್ಲಿರುವ ಗಾಳಿಯಿಂದ ಆಮ್ಲಜನಕ ಪಡೆದು ಸಕ್ಕರೆಯನ್ನು ಉರಿಸಿದರೆ ಒಂದು ಗ್ಲೂಕೋಸ್ ಅಣುವಿಗೆ 30ರ ಆಸುಪಾಸು ಎಟಿಪಿ ಸಿಗುತ್ತದೆ. ಆ ಸಂದಿಗಳಲ್ಲಿ ನೀರು ತುಂಬಿದರೆ ಆಮ್ಲಜನಕ ಬೇರನ್ನು ತಲುಪಲಾರದು, ಏಕೆಂದರೆ ನೀರಿನಲ್ಲಿ ಅದು ಗಾಳಿಯಲ್ಲಿಗಿಂತ ಹತ್ತು ಸಾವಿರ ಪಟ್ಟು ನಿಧಾನವಾಗಿ ಹರಡುತ್ತದೆ. ಆಮ್ಲಜನಕವಿಲ್ಲದೆ ಅದೇ ಗ್ಲೂಕೋಸಿನಿಂದ ದಕ್ಕುವುದು 2 ಎಟಿಪಿ. ಪ್ರೋಟಾನು ಪಂಪು ಸೊರಗುತ್ತದೆ. ಪೊರೆಯ ವೋಲ್ಟೇಜು ಕುಸಿಯುತ್ತದೆ. ಸೋಡಿಯಮ್ಮನ್ನು ಹೊರಹಾಕುವ ಬಲ ಇರುವುದಿಲ್ಲ, ಪೊಟ್ಯಾಸಿಯಂ ಸೋರಿಹೋಗುತ್ತದೆ, ಒಳಗೆ ನುಗ್ಗಿದ ಸೋಡಿಯಂ ಕ್ಸೈಲಮ್ಮಿನ ಹಾದಿ ಹಿಡಿದು ಎಲೆಗೆ ಹೋಗುತ್ತದೆ. ಸವಳು ಒಂದೇ ಇದ್ದರೆ ಗಿಡ ಸೊರಗಿಯಾದರೂ ಬದುಕುತ್ತದೆ. ಜವಳೂ ಸೇರಿದರೆ ಅಷ್ಟೇ ಉಪ್ಪು ಎಲೆಗಳಲ್ಲಿ ಹಲವು ಪಟ್ಟಾಗಿ ಪೇರುತ್ತದೆ. ಬೇರೆ ಬೇರೆ ಬೆಳೆಗಳ ಮೇಲೆ, ಬೇರೆ ಬೇರೆ ದೇಶಗಳಲ್ಲಿ ನಡೆದ ಪ್ರಯೋಗಗಳು ಇದನ್ನೇ ತೋರಿಸಿವೆ. ಉಪ್ಪನ್ನು ತಡೆಯುವ ಪೊರೆಯ ಉಸಿರನ್ನೇ ನಿಂತ ನೀರು ಕಟ್ಟುತ್ತದೆ.

ಹೀಗಿರುವಾಗ ಎಲೆ ಬಾಡಿತೆಂದು ಹಸಿ ಹೊಲಕ್ಕೆ ಮತ್ತೊಂದು ಪಾಳಿ ನೀರು ಬಿಡುವುದು ಬೆಳೆಯನ್ನು ಇನ್ನಷ್ಟು ಮುಳುಗಿಸುತ್ತದೆ. "ನೀರ ಕಟ್ಟಿದ್ರ ಚೇತರಿಸ್ಕೋತೈತಿ" ಎಂಬ ನಂಬಿಕೆ ಒಣಬೇಸಾಯದ ಕಾಲದ ಅನುಭವದಿಂದ ಬಂದದ್ದು. ಆ ಕಾಲಕ್ಕೆ ಅದು ಸರಿಯೇ ಇತ್ತು.

ಮದ್ದು ಏನು? ಬಸಿಗಾಲುವೆ ಮೊದಲನೆಯದು, ಮತ್ತು ನನ್ನ ತಿಳಿವಳಿಕೆಯಲ್ಲಿ ಉಳಿದೆಲ್ಲವೂ ಅದರ ನಂತರದವು. ನೀರು ಕೆಳಗಿಳಿದು ಹೊರಹೋಗಲು ದಾರಿ ಮಾಡಿದರೆ ಬೇರಿಗೆ ಗಾಳಿ ಸಿಗುತ್ತದೆ, ಮಳೆ ನೀರು ಉಪ್ಪನ್ನು ತೊಳೆದುಕೊಂಡು ಹೋಗುತ್ತದೆ. ತೆರೆದ ಬಸಿಗಾಲುವೆಯಾಗಲಿ, ನೆಲದಡಿ ತೂತಿನ ಪೈಪು ಹೂಳುವ ಪದ್ಧತಿಯಾಗಲಿ, ಒಬ್ಬನ ಹೊಲದಲ್ಲಿ ಮುಗಿಯುವ ಕೆಲಸವಲ್ಲ. ಬಸಿದ ನೀರು ಹಳ್ಳ ಸೇರುವವರೆಗೂ ದಾರಿ ಬೇಕು. ಚಿಕ್ಕಪಡಸಲಗಿಯಲ್ಲಿ ನೀರು ತರಲು ಕೂಡಿದಂತೆ ನೀರು ಹೊರಹಾಕಲೂ ಅಕ್ಕಪಕ್ಕದ ಹೊಲದವರು ಕೂಡಬೇಕು. ಹನಿ ನೀರಾವರಿ ಹಾಯಿಸುವ ನೀರನ್ನೂ ಅದರ ಜೊತೆ ಬರುವ ಉಪ್ಪನ್ನೂ ಕಡಿಮೆ ಮಾಡುತ್ತದೆ, ಆದರೆ ಆಗಲೇ ಕೂಡಿದ ಉಪ್ಪನ್ನು ತೆಗೆಯುವುದಿಲ್ಲ.

ಸೋಡಿಯಂ ಜೇಡಿಗೆ ಅಂಟಿ ಮಣ್ಣು ಗಟ್ಟಿಯಾದ ಕಡೆ ಜಿಪ್ಸಂ ಹಾಕುತ್ತಾರೆ. ಜಿಪ್ಸಮ್ಮಿನ ಕ್ಯಾಲ್ಸಿಯಂ ಸೋಡಿಯಮ್ಮನ್ನು ಜೇಡಿಯಿಂದ ಬಿಡಿಸುತ್ತದೆ, ನೀರು ಇಂಗತೊಡಗುತ್ತದೆ. ಇದು ಎಲ್ಲರಿಗೂ ಗೊತ್ತಿರುವುದು. ಅಷ್ಟು ಗೊತ್ತಿಲ್ಲದ ಮಾತು, ಕ್ಯಾಲ್ಸಿಯಂ ನೇರವಾಗಿ ಪೊರೆಯ ಮೇಲೂ ಕೆಲಸ ಮಾಡುತ್ತದೆ. 1969ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಲಾಹೇ ಮತ್ತು ಎಪ್‌ಸ್ಟೈನ್ ಉಪ್ಪುನೀರಿನಲ್ಲಿ ಬೆಳೆಸಿದ ಹುರುಳಿಕಾಯಿ ಗಿಡಗಳಿಗೆ ಕ್ಯಾಲ್ಸಿಯಂ ಹೆಚ್ಚಿಸಿದಾಗ ಸೋಡಿಯಂ ಎಲೆಗೆ ಹೋಗುವುದು ನಿಂತು ಗಿಡಗಳು ಚೆನ್ನಾಗಿಯೇ ಉಳಿದವು. ಸೋಡಿಯಂ ಸೋರುವ ನಾಲೆಗಳನ್ನು ಕ್ಯಾಲ್ಸಿಯಂ ಅಡ್ಡಗಟ್ಟುತ್ತದೆ. ಎಸ್‌ಒಎಸ್1 ಚುರುಕಾಗಲು ಸಿಗುವ ಸಂಕೇತವೂ ಕ್ಯಾಲ್ಸಿಯಮ್ಮೇ ಎಂದು ಮುಂದೆ ತಿಳಿಯಿತು. ಆದರೆ ಬಸಿಗಾಲುವೆ ಇಲ್ಲದ ಹೊಲಕ್ಕೆ ಸುರಿದ ಜಿಪ್ಸಂ ಬಿಡಿಸಿದ ಸೋಡಿಯಮ್ಮಿಗೆ ಹೋಗಲು ದಾರಿಯಿಲ್ಲ, ಅದು ಅಲ್ಲೇ ಉಳಿಯುತ್ತದೆ.

ಉಪ್ಪು ತಾಳುವ ತಳಿಗಳ ಆಸೆ ಒಣ ಆಸೆಯಲ್ಲ. ಕ್ಸೈಲಮ್ಮಿನಿಂದ ಸೋಡಿಯಂ ವಾಪಸು ಎಳೆಯುವ ಜೀನನ್ನು ಕಾಡು ಸಂಬಂಧಿಯಿಂದ ಗೋಧಿಗೆ ಸಾಂಪ್ರದಾಯಿಕ ತಳಿ ಸಂಕರದಿಂದಲೇ ತಂದ ಆಸ್ಟ್ರೇಲಿಯದ ವಿಜ್ಞಾನಿಗಳು, ಸವಳು ಹೊಲದಲ್ಲಿ ಇಳುವರಿ ಶೇಕಡಾ 25ರಷ್ಟು ಹೆಚ್ಚಾಯಿತೆಂದು 2012ರಲ್ಲಿ ವರದಿ ಮಾಡಿದರು. ನಮ್ಮದೇ ರಾಜ್ಯದ ಕುಮಟಾ ತಾಲ್ಲೂಕಿನ ಮಾಣಿಕಟ್ಟಾದ ಗಜನಿ ಗದ್ದೆಗಳಲ್ಲಿ ರೈತರು ಕಗ್ಗ ಭತ್ತವನ್ನು ಅಘನಾಶಿನಿಯ ಉಪ್ಪುನೀರಿನ ನಡುವೆ ತಲೆಮಾರುಗಳಿಂದ ಬೆಳೆಯುತ್ತ ಬಂದಿದ್ದಾರೆ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ತುಂಗಭದ್ರಾ ಅಚ್ಚುಕಟ್ಟಿನ ಸವಳು ಮಣ್ಣಿನ ಮೇಲೆ ದಶಕಗಳಿಂದ ಕೆಲಸ ನಡೆದಿದೆ. ಇವೆಲ್ಲ ಬೇಕು. ಆದರೆ ಯಾವ ತಳಿಯ ಪಂಪಿಗೂ ಎಟಿಪಿ ಬೇಕು, ಎಟಿಪಿಗೆ ಗಾಳಿ ಬೇಕು.

ಬೀಳಗಿ, ಮುಧೋಳ, ಜಮಖಂಡಿ, ರಬಕವಿ-ಬನಹಟ್ಟಿಯ ಓದುಗರಲ್ಲಿ ಒಂದು ಕೋರಿಕೆ. ಕಬ್ಬು ನಾಟಿಗೆ ಮೊದಲು ಮಣ್ಣು ಪರೀಕ್ಷೆ ಮಾಡಿಸಿದರೆ ಕಾರ್ಡಿನಲ್ಲಿ ಸಾರಜನಕ, ರಂಜಕ, ಪೊಟ್ಯಾಷ್ ನೋಡಿ ಮಡಚಿಡಬೇಡಿ. ಇಸಿ (ವಿದ್ಯುತ್ ವಾಹಕತೆ) ಎಂಬ ಸಾಲನ್ನು ನೋಡಿ. ಅಲ್ಲಿರುವುದು ಮಣ್ಣಿಗೆ ಎರಡೂವರೆ ಪಾಲು ನೀರು ಬೆರೆಸಿ ಅಳೆದ ಅಂಕಿ, ಬೇರಿಗೆ ತಾಗುವ ರಸ ಅದಕ್ಕಿಂತ ಹಲವು ಪಟ್ಟು ಉಪ್ಪಾಗಿರುತ್ತದೆ. ಆದ್ದರಿಂದ ಕಾರ್ಡಿನಲ್ಲಿ 4 ಬರುವವರೆಗೆ ಕಾಯಬೇಡಿ, 1 ದಾಟಿದ್ದರೇ ಎಚ್ಚರವಾಗಿ. ಜೊತೆಗೆ ಹೊಲದಲ್ಲಿ ಮೊಣಕಾಲುದ್ದ ಒಂದು ಗುಂಡಿ ತೋಡಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ಅದರಲ್ಲಿ ನೀರು ನಿಂತಿದ್ದರೆ ಆ ವರ್ಷದ ಗೊಬ್ಬರದ ಹಣದಲ್ಲಿ ಒಂದು ಪಾಲನ್ನು ಬಸಿಗಾಲುವೆಗೆ ಹಾಕಿ, ಪಕ್ಕದ ಹೊಲದವರನ್ನೂ ಕರೆದುಕೊಳ್ಳಿ.